ನಿಂತಲ್ಲಿಂದ ಏರು ಹತ್ತಬೇಕು: ಬಿಎಲ್‌ಡಿಸಿ ಮೋಟರ್‌ಗೆ ಡ್ರೈವರ್ ಹುಡುಕಿದ ಅನುಭವ

ನಮ್ಮ ಅಡಿಕೆ ತೋಟ ಇರುವುದು ಮನೆಗಿಂತ ಕೆಳಗೆ, ಹಳ್ಳದ ಪಕ್ಕ. ಕೊಯ್ದ ಗೊನೆ ಅಂಗಳ ಸೇರಬೇಕಾದರೆ ಏರು ಹತ್ತಿಯೇ ಬರಬೇಕು. ಅಪ್ಪನಿಗೆ ಮಂಡಿನೋವು ಶುರುವಾದ ವರ್ಷ ಚಕ್ರದೊಳಗೇ ಕೂರುವ ಹಬ್ ಮೋಟರ್ ಹಾಕಿ ಒಂದು ಕೈಗಾಡಿ ಮಾಡಲು ಕೂತೆ. 500 ವಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರ್, 12 ವೋಲ್ಟಿನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ. ಮೋಟರ್ ಬೇಗ ಸಿಕ್ಕಿತು. ಅದಕ್ಕೆ ತಕ್ಕ ಡ್ರೈವರ್, ಅಂದರೆ ಬ್ಯಾಟರಿಯ ಕರೆಂಟನ್ನು ಸರದಿಯಂತೆ ಮೋಟರ್‌ನ ಸುರುಳಿಗಳಿಗೆ ಹಂಚುವ ಬೋರ್ಡ್, ಕೂಡಿಬರಲು ಎರಡು ಕೊಯ್ಲು ಹಿಡಿಯಿತು.

ಮೊದಲು ಕೈಲಿದ್ದ ಡ್ರೋನ್ ಇಎಸ್‌ಸಿಯನ್ನೇ (ಡ್ರೋನಿನ ಮೋಟರ್ ಡ್ರೈವರ್) 24 ವೋಲ್ಟಿನಲ್ಲಿ ಕಟ್ಟಿ ನೋಡಿದೆ. ಚಕ್ರ ಎತ್ತಿ ಹಿಡಿದರೆ ಸೊಗಸಾಗಿ ತಿರುಗಿತು. ನೆಲಕ್ಕಿಟ್ಟು ನಾಲ್ಕು ಗೊನೆ ಹೇರಿದ್ದೇ ತಡ, ಗಡಗಡ ನಡುಗಿ ನಿಂತಿತು. ಅದು ಸೆನ್ಸರ್ ಇಲ್ಲದ ಡ್ರೈವರ್. ತಿರುಗುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜನ್ನು, ಅಂದರೆ ಬ್ಯಾಕ್ ಇಎಂಎಫ್ ಅನ್ನು, ನೋಡಿ ರೋಟರ್ (ತಿರುಗುವ ಭಾಗ) ಎಲ್ಲಿದೆ ಎಂದು ತಿಳಿಯುತ್ತದೆ. ನಿಂತ ಮೋಟರ್‌ನಲ್ಲಿ ಅದು ಸೊನ್ನೆ. ಫ್ಯಾನಿಗೆ, ಪ್ರೊಪೆಲರ್‌ಗೆ ಇದು ಸಾಕು, ಹೊರಡುವಾಗ ಅವಕ್ಕೆ ಭಾರವಿಲ್ಲ. ಗಾಡಿಗೆ ಹೊರಡುವಾಗಲೇ ಎಲ್ಲಾ ಭಾರ. ಹಾಗಾಗಿ ಹಾಲ್ ಸೆನ್ಸರ್ (ಆಯಸ್ಕಾಂತವನ್ನು ಗುರುತಿಸಿ, ಮೋಟರ್ ನಿಂತಿದ್ದರೂ ರೋಟರ್ ಎಲ್ಲಿದೆ ಎಂದು ಹೇಳುವಂಥದ್ದು) ಓದುವ ಡ್ರೈವರ್ರೇ ಬೇಕಿತ್ತು. ಯಾರಾದರೂ ಕೇಳಿದರೆ ವಾಟ್ ಎಷ್ಟು ಎನ್ನುವುದಕ್ಕೂ ಮೊದಲು ನಾನೀಗ ಕೇಳುವುದು, ನಿಮ್ಮ ಮೋಟರ್ ಭಾರ ಹೊತ್ತು ಹೊರಡಬೇಕೋ, ಬರಿದಾಗಿಯೋ ಎಂದು.

ಬೋರ್ಡ್ ನಾನೇ ಮಾಡಿದೆ: ಐಆರ್2110 ಗೇಟ್ ಡ್ರೈವರ್ ಚಿಪ್ ಮೂರು, ಕರೆಂಟನ್ನು ಸ್ವಿಚ್ಚಿನಂತೆ ಆನ್-ಆಫ್ ಮಾಡುವ ಐಆರ್‌ಎಫ್3205 ಮಾಸ್‌ಫೆಟ್ ಆರು, ಮೋಟರ್‌ನ ಒಂದೊಂದು ತಂತಿಗೆ ಮೇಲೊಂದು ಕೆಳಗೊಂದರಂತೆ ಜೋಡಿ. ಎರಡನೇ ದಿನ ಎರಡು ಮಾಸ್‌ಫೆಟ್ ಸುಟ್ಟವು. ಅವು ತಡೆಯುವುದು 55 ವೋಲ್ಟ್. '48 ವೋಲ್ಟ್' ಎನ್ನುವ ಬ್ಯಾಟರಿ ಚಾರ್ಜರ್‌ನಿಂದ ಆಗಷ್ಟೇ ಬಿಚ್ಚಿದಾಗ 54ರ ಹತ್ತಿರವಿತ್ತು. ಉದ್ದ ವೈರಿನಿಂದ ಸ್ವಿಚಿಂಗ್ ಹೊತ್ತಿಗೆ ಏಳುವ ಸ್ಪೈಕ್ ಅದರ ಮೇಲೆ. 100 ವೋಲ್ಟಿನ ಐಆರ್‌ಎಫ್‌ಬಿ4110 ಹಾಕಿ, ವೈರ್ ಮೊಟಕು ಮಾಡಿ, ಮಾಸ್‌ಫೆಟ್‌ಗಳ ಬುಡದಲ್ಲೇ ಲೋ ಇಎಸ್‌ಆರ್ (ಒಳರೋಧ ಕಡಿಮೆ ಇರುವ) ಕೆಪಾಸಿಟರ್ ಕೂರಿಸಿದೆ. ಬಿಸಿಯೂ ಇಳಿಯಿತು. ಏರಿನಲ್ಲಿ 30 ಆಂಪಿಯರ್ ಎಳೆಯುವಾಗ ಮಾಸ್‌ಫೆಟ್‌ನ ರೋಧ ಹಳೆಯದರಂತೆ 8 ಮಿಲಿಓಮ್ ಇದ್ದರೆ ಒಂದೊಂದರಲ್ಲಿ 7 ವಾಟ್ ಶಾಖ, ಹೊಸದರಂತೆ 4.5 ಇದ್ದರೆ 4 ವಾಟ್.

ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ತೊಂದರೆ. ಏರಿನ ನಡುವೆ ಗಾಡಿ ನಿಂತು, ಅಪ್ಪ ಥ್ರಾಟಲ್ ಪೂರ್ತಿ ತಿರುಚಿದರೆ ಅರೆಕ್ಷಣ ಎಳೆದು ಬಿಟ್ಟುಬಿಡುತ್ತಿತ್ತು. "ಅರ್ಧ ತಿರುಚಿದ್ರೆ ಎಳೀತದೆ, ಪೂರ್ತಿ ತಿರುಚಿದ್ರೆ ಇಲ್ಲ, ಇದೆಂಥದು ಮಾರಾಯ" ಎಂದರು ಅಪ್ಪ. ಉತ್ತರ ಅವರ ಮಾತಿನಲ್ಲೇ ಇತ್ತು. ಜೋಡಿಯಲ್ಲಿ ಮೇಲಿನ ಮಾಸ್‌ಫೆಟ್‌ನ ಗೇಟಿಗೆ (ಅದನ್ನು ಆನ್ ಮಾಡುವ ಪಿನ್ನಿಗೆ) ವೋಲ್ಟೇಜ್ ಕೊಡುವುದು ಬೂಟ್‌ಸ್ಟ್ರಾಪ್ ಕೆಪಾಸಿಟರ್. ಅದೇ ಜೋಡಿಯ ಕೆಳಗಿನ ಮಾಸ್‌ಫೆಟ್ ಆನ್ ಆದಾಗ ಮಾತ್ರ ಅದು ತುಂಬುತ್ತದೆ. ಡ್ಯೂಟಿ, ಅಂದರೆ ಪ್ರತಿ ಪಲ್ಸ್‌ನಲ್ಲಿ ಮೇಲಿನದು ಆನ್ ಇರುವ ಪಾಲು, 100 ಶೇಕಡಾ ಆಗಿ ಚಕ್ರವೂ ನಿಂತಿದ್ದರೆ ಕೆಳಗಿನದಕ್ಕೆ ಸರದಿಯೇ ಬರುವುದಿಲ್ಲ. ಕೆಪಾಸಿಟರ್ ಬರಿದಾಗುತ್ತದೆ, ಗೇಟ್ ಡ್ರೈವರ್ ಕೈಬಿಡುತ್ತದೆ. ಪ್ರೋಗ್ರಾಮಿನಲ್ಲಿ ಡ್ಯೂಟಿಯನ್ನು 95ಕ್ಕೆ ನಿಲ್ಲಿಸಿ, ಪ್ರತಿ ಪಲ್ಸ್‌ನ ಉಳಿದ ಹೊತ್ತಿನಲ್ಲಿ ಕೆಳಗಿನದನ್ನು ಆನ್ ಮಾಡಿದೆ. ಕರೆಂಟಿಗೂ ಮಿತಿ ಇಟ್ಟೆ. ಅಂದಿನಿಂದ ಗಾಡಿ ಏರಿನಲ್ಲಿ ಕೈಕೊಟ್ಟಿಲ್ಲ.

ಸಮಯವಿಲ್ಲದವರಿಗೆ ಇ-ಬೈಕಿನ ಸಿದ್ಧ ಕಂಟ್ರೋಲರ್ ಸಾಕು. ಹಾಲ್ ಸೆನ್ಸರ್ ಇಲ್ಲದೆ ಓಡುವ ಮಾದರಿಗಳೂ ಇವೆ, ನೋಡಿ ತೆಗೆದುಕೊಳ್ಳಿ. ಕರೆಂಟನ್ನು ನಯವಾದ ಅಲೆಯಂತೆ ಕೊಡುವ ಸೈನ್ ವೇವಿನದು ಕಡಿಮೆ ವೇಗದಲ್ಲಿ ಗುರುಗುಟ್ಟುವುದಿಲ್ಲ, ಆದರೆ ತೋಟಕ್ಕೆ ಆ ಖರ್ಚು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಲೆನಾಡಿನವರಿಗೆ ಒಂದು ಮಾತು. ಮೂರು ಹಾಲ್ ಸೆನ್ಸರ್‌ಗಳು 120 ಡಿಗ್ರಿ ಅಂತರದಲ್ಲಿದ್ದರೆ ಅವುಗಳ ಸಿಗ್ನಲ್ ಒಟ್ಟಿಗೆ ಮೂರೂ ಸೊನ್ನೆ ಅಥವಾ ಮೂರೂ ಒಂದು ಎಂದೂ ಬರಬಾರದು. ಬಂದರೆ ಕೂಡಲೇ ಆರೂ ಮಾಸ್‌ಫೆಟ್ ಆಫ್ ಆಗುವಂತೆ ಬರೆದಿದ್ದೇನೆ. ಹೋದ ಮಳೆಗಾಲದಲ್ಲಿ ಕನೆಕ್ಟರ್ ಪಾಚಿಗಟ್ಟಿ ಒಂದು ತಂತಿ ಬಿಟ್ಟಾಗ ಗಾಡಿ ನಿಂತಿತು, ಬೋರ್ಡ್ ಉಳಿಯಿತು. ಈಗ ಮುಂಗಾರಿಗೆ ಮೊದಲು ಆ ಕನೆಕ್ಟರ್ ಬಿಚ್ಚಿ, ಒರೆಸಿ, ಗ್ರೀಸ್ ತುಂಬುವ ಕೆಲಸ ಅಪ್ಪನದೇ.