ಮಾಸ್ತರಾಗೋ ಮುಂಚೆ ಮಾಸ್ತರನ್ನು ಮಾತಾಡಿಸಿ

ರಾಯಚೂರಿನಿಂದ ಸಿಂಧನೂರಿಗೆ ಬೆಳಿಗ್ಗೆ ಹೋಗುವ ಬಸ್ ಹತ್ತಿ ನೋಡಿ. ಅರ್ಧ ಸೀಟು ಟಿಫಿನ್ ಬ್ಯಾಗ್ ಹಿಡಿದ ಮಾಸ್ತರು, ಟೀಚರ್‌ಗಳದ್ದೇ. ಕಲ್ಲೂರು, ಮಾನ್ವಿ, ಪೋತ್ನಾಳ ಅಂತ ಒಬ್ಬೊಬ್ಬರೇ ಇಳಿದುಕೊಳ್ಳುತ್ತಾರೆ. ನಾನು 11 ವರ್ಷದಿಂದ ಇದೇ ರೂಟಿನಲ್ಲಿ ಮೆಡಿಕಲ್ ರೆಪ್. ಓದಿದ್ದು ಬಿ.ಎಸ್ಸಿ. ಮಕ್ಕಳಿಗೆ ವಿಜ್ಞಾನ ಹೇಳಿಕೊಡಬೇಕು ಅನ್ನೋ ಆಸೆ ಮೊದಲಿಂದಲೂ ಇತ್ತು. ಆದರೆ ಪಕ್ಕದ ಸೀಟಿನವರನ್ನು ನಿಮ್ಮ ಕೆಲಸ ಹೇಗಿರುತ್ತೆ ಅಂತ ಕೇಳೋಕೆ ಇಷ್ಟು ವರ್ಷ ಬೇಕಾಯಿತು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಒಂದು ರಾತ್ರಿ ಹುರುಪಿನಲ್ಲಿ ಲಿಂಕ್ಡ್‌ಇನ್‌ನಲ್ಲಿ ‘ಶಿಕ್ಷಕ ಹುದ್ದೆ ಹುಡುಕುತ್ತಿದ್ದೇನೆ’ ಅಂತ ಹಾಕಿದೆ. ಶಾಲೆಯವರು ಒಬ್ಬರೂ ನೋಡಲಿಲ್ಲ. ನಮ್ಮ ಮ್ಯಾನೇಜರ್ ಮಾತ್ರ ಮರುದಿನ ಬೆಳಿಗ್ಗೆ 7ಕ್ಕೆ ಫೋನ್ ಮಾಡಿದರು. ನೀವು ಹಾಗೆ ಮಾಡಬೇಡಿ. ಲಿಂಕ್ಡ್‌ಇನ್ ಬೇಕಾದರೆ ಸಿ.ಬಿ.ಎಸ್‌.ಇ. ಶಾಲೆಗಳ ಪ್ರಿನ್ಸಿಪಾಲರನ್ನು ಹುಡುಕೋಕೆ ಇಟ್ಟುಕೊಳ್ಳಿ. ನಮ್ಮ ಕಡೆ ಸರ್ಕಾರಿ ಶಾಲೆಯವರು ಸಿಗೋದು ಬಸ್ಸಿನಲ್ಲಿ, ಚಹಾ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ.

ಆಮೇಲೆ ನನ್ನ ವಿಸಿಟ್ ಡೈರಿ ತೆಗೆದೆ. ರೆಪ್ ಕೆಲಸದಲ್ಲಿ ಯಾವ ಊರಲ್ಲಿ ಯಾರನ್ನು ನೋಡಬೇಕು ಅಂತ ಬರೆದಿಟ್ಟುಕೊಳ್ಳೋದು ರೂಢಿ. ಅದೇ ರೀತಿ ಒಂದು ಹೊಸ ಪುಟ ಮಾಡಿದೆ. ಸುಮ್ನೆ ಕೂತು ಯೋಚಿಸಿದರೆ ಗೊತ್ತಾಗುತ್ತದೆ, ನಿಮಗೆ ಗೊತ್ತಿರುವವರೇ ಜಾಸ್ತಿ. ಸಿಂಧನೂರಿನ ಒಬ್ಬ ಡಾಕ್ಟರ ಮನೆಯವರು ಹೈಸ್ಕೂಲ್ ಟೀಚರ್. ಮಾನ್ವಿಯ ಔಷಧ ಅಂಗಡಿಯವರು ತಮ್ಮೂರ ಶಾಲೆಯ ಎಸ್‌.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು. ನನ್ನ ಜೊತೆ ಡಿಗ್ರಿ ಓದಿದವನೊಬ್ಬ 6ರಿಂದ 8ನೇ ತರಗತಿಗೆ ಪಾಠ ಮಾಡುತ್ತಿದ್ದಾನೆ. ಇವನ ಮದುವೆಗೆ ಹೋಗಿ ಉಂಡು ಬಂದಿದ್ದೆ, ಆದರೆ ಕೆಲಸದ ಬಗ್ಗೆ ಒಂದು ಮಾತು ಕೇಳಿರಲಿಲ್ಲ. 14 ಹೆಸರು ಸಿಕ್ಕವು. ಯಾರ ನಂಬರನ್ನೂ ಹೊಸದಾಗಿ ಹುಡುಕಬೇಕಾಗಲಿಲ್ಲ.

ಮೆಸೇಜ್ ಚಿಕ್ಕದಾಗಿರಲಿ. ನಾನು ಕಳಿಸಿದ್ದು ಇಷ್ಟೇ: ‘ನಮಸ್ಕಾರ ಮೇಡಂ, ನಾನು ಡಾಕ್ಟರ್ ಸರ್ ಹತ್ತಿರ ಬರುವ ರೆಪ್. ಟೀಚರ್ ಆಗಬೇಕು ಅಂತ ಯೋಚನೆ ಇದೆ. ಕೆಲಸ ಕೊಡಿಸಿ ಅಂತ ಕೇಳುತ್ತಿಲ್ಲ. ನಿಮ್ಮ ಕೆಲಸ ಹೇಗಿರುತ್ತೆ ಅಂತ 15 ನಿಮಿಷ ತಿಳಿದುಕೊಳ್ಳಬೇಕಿತ್ತು. ಶನಿವಾರ ಮಧ್ಯಾಹ್ನ ಫೋನ್ ಮಾಡಲೇ?’ ಕೆಲಸ ಕೇಳುತ್ತಿಲ್ಲ ಅನ್ನೋ ಸಾಲು ಬಿಡಬೇಡಿ. ಅದನ್ನು ಓದಿದ ಮೇಲೆ ಜನ ನಿರಾಳವಾಗಿ ಮಾತಾಡುತ್ತಾರೆ. ಶನಿವಾರ ಯಾಕೆ ಅಂದರೆ ಅವತ್ತು ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ಜೂನ್ ಮೊದಲ ವಾರ ದಾಖಲಾತಿ ಗಡಿಬಿಡಿ, ಮಾರ್ಚ್ ತಿಂಗಳು ಪರೀಕ್ಷೆ. ಆಗ ಯಾರನ್ನೂ ಕಾಡಬೇಡಿ.

ಏನು ಕೇಳಬೇಕು ಅನ್ನೋದೇ ದೊಡ್ಡ ವಿಷಯ. ಮೊದಲನೆಯವರನ್ನು ‘ಸರ್, ಚಾನ್ಸ್ ಇದೆಯಾ?’ ಅಂತ ಕೇಳಿದೆ. ಅವರು ಅರ್ಧ ಗಂಟೆ ನೇಮಕಾತಿ, ಕೋಚಿಂಗ್, ಕಟ್‌ಆಫ್ ಅಂತ ಹೇಳಿದರು. ಎದ್ದು ಬಂದಾಗ ಕೈಗೆ ಏನೂ ಸಿಕ್ಕಿರಲಿಲ್ಲ. ಎರಡನೆಯವರನ್ನು ‘ನಿನ್ನೆ ಶಾಲೆಗೆ ಹೋದ ಮೇಲೆ ಏನೇನು ಮಾಡಿದಿರಿ ಮೇಡಂ?’ ಅಂತ ಕೇಳಿದೆ. ಮೇಡಂ ನಕ್ಕರು. ಆಮೇಲೆ ಒಂದೊಂದಾಗಿ ಬಂತು. ಪ್ರಾರ್ಥನೆ, ಹಾಜರಿ, ಹಾಲು, ಬಿಸಿಯೂಟದ ಲೆಕ್ಕ. ಫೋನ್‌ನಲ್ಲಿ ತುಂಬಬೇಕಾದ ಮಾಹಿತಿ. ರಜೆ ಹಾಕಿದ ಟೀಚರ್ ತರಗತಿಯನ್ನೂ ಸೇರಿಸಿಕೊಂಡು ಪಾಠ. ಹತ್ತಿ ಬಿಡಿಸುವ ಕಾಲಕ್ಕೆ ಖಾಲಿಯಾಗುವ ಬೆಂಚು. ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋದ ಹುಡುಗ ಮತ್ತೆ ಬಂದಾಗ ಎಲ್ಲಿಂದ ಶುರು ಮಾಡಬೇಕು ಅನ್ನೋ ತಲೆನೋವು. ‘ಪಾಠ ಮಾಡೋದು ಸಲೀಸು ರೀ, ಪಾಠದ ತನಕ ಹೋಗೋದ ಕಷ್ಟ’ ಅಂದರು. ಅದನ್ನು ಹಾಗೇ ಡೈರಿಯಲ್ಲಿ ಬರೆದುಕೊಂಡೆ.

ಮುಗಿಸುವಾಗ ಪ್ರತಿ ಸಲ ಒಂದೇ ಪ್ರಶ್ನೆ: ‘ನಾನು ಇನ್ನೂ ಯಾರನ್ನು ಮಾತಾಡಿಸಬೇಕು?’ ಇದು ರೆಪ್ ಬುದ್ಧಿ. 14 ಹೆಸರು ಎರಡು ತಿಂಗಳಲ್ಲಿ 30 ದಾಟಿತು. ಅದರಲ್ಲಿ ಒಬ್ಬರು ಸಿ.ಆರ್‌.ಪಿ. ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಹಲವು ಶಾಲೆಗಳನ್ನು ಸುತ್ತುವವರು. ಇಂಥವರೊಬ್ಬರು ಸಿಕ್ಕರೆ ಯಾವ ಶಾಲೆಗೆ ಅತಿಥಿ ಶಿಕ್ಷಕರು ಬೇಕು ಅನ್ನೋದೂ ಕಿವಿಗೆ ಬೀಳುತ್ತದೆ.

ದಾರಿಯ ಲೆಕ್ಕವೂ ಈ ಮಾತುಕತೆಯಲ್ಲೇ ಸ್ಪಷ್ಟವಾಯಿತು. ಬಿ.ಎಡ್. ಈಗ 2 ವರ್ಷ. 6ರಿಂದ 8ನೇ ತರಗತಿಗೆ ಟಿ.ಇ.ಟಿ. (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪೇಪರ್ ಪಾಸಾಗಬೇಕು, 150 ಅಂಕಕ್ಕೆ ಸಾಮಾನ್ಯ ವರ್ಗದವರಿಗೆ 90 ಬೇಕು. ಒಮ್ಮೆ ಪಾಸಾದರೆ ಆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯವರಿಗೆ ಸಂವಿಧಾನದ 371(ಜೆ) ವಿಧಿಯ ಪ್ರಕಾರ ನೇಮಕಾತಿಯಲ್ಲಿ ಮೀಸಲಾತಿ ಇದೆ. ಅದರ ಅರ್ಹತಾ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೇ ವಾರದಲ್ಲಿ ಓಡಾಡಬೇಡಿ.

ಪರಿಚಯ ಬೆಳೆದಂತೆ ಬೇರೆ ಥರದವರೂ ಗಂಟು ಬೀಳುತ್ತಾರೆ. ಒಬ್ಬರು ‘ಬಿ.ಎಡ್. ಕಾಲೇಜಿಗೆ ಬರೋದೇ ಬೇಡ, ಹಾಜರಿ ನಾವು ನೋಡ್ಕೋತೀವಿ’ ಅಂದರು. ಇನ್ನೊಬ್ಬರು ಖಾಸಗಿ ಶಾಲೆಯಲ್ಲಿ ಹುದ್ದೆ ಕೊಡಿಸುತ್ತೇನೆ ಅಂತ ಮುಂಗಡ ಕೇಳಿದರು. ಇಬ್ಬರಿಗೂ ಚಹಾ ಕುಡಿಸಿ ಕಳಿಸಿದೆ. ಡೈರಿಯಲ್ಲಿ ಅವರ ಹೆಸರಿಲ್ಲ.

ಬರಿಗೈಯಲ್ಲಿ ಹೋಗೋದು ನಮಗೆ ಅಭ್ಯಾಸವಿಲ್ಲ, ಅಲ್ವಾ? ಮಾನ್ವಿ ಹತ್ತಿರದ ಒಂದು ಶಾಲೆಗೆ ಹೋದಾಗ ಹೆಡ್‌ಮಾಸ್ಟರಿಗೆ ಕಂಪನಿ ಪೆನ್ ಕೊಟ್ಟೆ. ಅವರು ಮುಟ್ಟಲಿಲ್ಲ. ‘ಪೆನ್ ಬ್ಯಾಡ್ರಿ. ನೀವು ದವಾಖಾನಿ ಗ್ವಾಡಿಗೆ ಹಚ್ಚತೀರಲ್ಲ, ಆ ಹೃದಯದ ಚಾರ್ಟು, ಅದನ್ನ ತರ್ರಿ’ ಅಂದರು. ಮುಂದಿನ ವಾರ ಮಾತ್ರೆಯ ಹೆಸರಿದ್ದ ಭಾಗವನ್ನು ಕತ್ತರಿಸಿ ತೆಗೆದು ಚಾರ್ಟ್ ಒಯ್ದೆ. ಆಗಲೇ ಒಂದು ಪಾಠ ಮಾಡಿ ನೋಡಲೇ ಅಂತ ಕೇಳಿದೆ. ನೀವೂ ಕೇಳಿ, ಆದರೆ ಹೆಡ್‌ಮಾಸ್ಟರ ಒಪ್ಪಿಗೆ ಇರಬೇಕು, ಒಂದು ಸಣ್ಣ ಪತ್ರ ಬರೆದುಕೊಡಿ. ವಿಜ್ಞಾನದ ಟೀಚರ್ ಹಿಂದೆ ಕೂತಿರಲಿ.

40 ನಿಮಿಷಕ್ಕೆ ಅಂತ ತಯಾರಾದ ಪಾಠ 9 ನಿಮಿಷದಲ್ಲಿ ಮುಗಿಯಿತು. ಡಾಕ್ಟರ ಮುಂದೆ ಎರಡೇ ನಿಮಿಷದಲ್ಲಿ ಎಲ್ಲಾ ಹೇಳಿ ರೂಢಿಯಾದ ನಾಲಿಗೆ. ಉಳಿದ ಹೊತ್ತಿಗೆ ಏನು ಮಾಡೋದು ಅಂತ ಬಿ.ಪಿ. ಮಷೀನ್ ತೆಗೆದು ಒಬ್ಬ ಹುಡುಗನ ಬಲಗೈಗೆ ಕಟ್ಟಿದೆ. ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. ‘ಸರ್, ಹೃದಯ ಎಡಕ್ಕೈತಿ ಅಂದ್ರಿ. ಬಲಗೈಗ್ಯಾಕ ಕಟ್ಟಿದ್ರಿ?’

ಉತ್ತರ ಗೊತ್ತಿತ್ತು. ಏಳನೇ ತರಗತಿಯ ಹುಡುಗಿಗೆ ಹೇಳುವಂಥ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಹಿಂದಿನಿಂದ ಟೀಚರ್ ಅಂದರು: ‘ಸರ್ ಮುಂದಿನ ಶನಿವಾರ ಹೇಳ್ತಾರ.’

ವಾರವಿಡೀ ಅದೇ ತಲೆಯಲ್ಲಿ. ಕೊನೆಗೆ ನೀರಿನ ಬಾಟಲಿಯ ಕೆಳಗೆ ಎರಡು ತೂತು ಮಾಡಿ, ಎರಡಕ್ಕೂ ಸಲೈನ್ ಪೈಪ್ ಸಿಕ್ಕಿಸಿದೆ. ಒಂದು ಎಡಗೈ, ಒಂದು ಬಲಗೈ. ಬಾಟಲಿ ಒತ್ತಿದರೆ ಎರಡರಲ್ಲೂ ನೀರು ಒಂದೇ ರಭಸದಿಂದ ಚಿಮ್ಮುತ್ತಿತ್ತು. ಶನಿವಾರ ಮೊದಲ ಬಸ್ಸಿಗೇ ಹೋದೆ. ಆ ಹುಡುಗಿ ಬಂದಿರಲಿಲ್ಲ. ಹತ್ತಿ ಬಿಡಿಸೋಕೆ ಹೋಗಿದ್ದಳು.

‘ಬುಧವಾರ ಬರ್ತಾಳ’ ಅಂದರು ಟೀಚರ್. ‘ಬಾಟಲಿ ಇಟ್ಟು ಹೋಗಬ್ಯಾಡ್ರಿ, ನೀವೇ ಬರ್ರಿ.’ ಬುಧವಾರ ನನ್ನದು ಲಿಂಗಸುಗೂರು ರೂಟ್. ಡೈರಿಯಲ್ಲಿ ಅದನ್ನು ಹೊಡೆದು ಹಾಕಿ ಮಾನ್ವಿ ಅಂತ ಬರೆದೆ.