ಮೀನಿನ ಹೆಸರಿಗೂ ಪೈಪೋಟಿ: ಡಿಸ್ಕಾರ್ಡ್‌ನಲ್ಲಿ ನಾನು ಯೂಸರ್‌ನೇಮ್ ಹಿಡಿದದ್ದು

ಗೇಮ್ ಆಡುವವರು ಗುಂಪು ಕಟ್ಟಿ ಹರಟುವ ಆ್ಯಪ್ ಡಿಸ್ಕಾರ್ಡ್‌ನಲ್ಲಿ 2023ರ ತನಕ ಹೆಸರಿಗಾಗಿ ಜಗಳವೇ ಇರಲಿಲ್ಲ. ಹೆಸರಿನ ಕೊನೆಗೆ ಹ್ಯಾಶ್ (#), ಅದಾದ ಮೇಲೆ ನಾಲ್ಕು ಅಂಕೆ; ಒಂದೇ ಹೆಸರನ್ನು ಸಾವಿರಾರು ಮಂದಿ ಇಟ್ಟುಕೊಳ್ಳಬಹುದಿತ್ತು. ಆ ವರ್ಷ ಮೇ ತಿಂಗಳಲ್ಲಿ ಅಂಕೆ ತೆಗೆಯುತ್ತೇವೆ, ಇನ್ನು ಒಂದು ಹೆಸರು ಒಬ್ಬರಿಗೆ ಮಾತ್ರ ಎಂದು ಕಂಪನಿಯವರು ಹೇಳಿದರು. ಸುರತ್ಕಲ್‌ನ ನಮ್ಮ ಗೇಮಿಂಗ್ ಗ್ರೂಪಿನಲ್ಲಿ ಆಮೇಲೆ ಬೇರೆ ಮಾತೇ ಇಲ್ಲ.

ಹೊಸ ಹೆಸರು ಆರಿಸುವ ಅವಕಾಶ ಎಲ್ಲರಿಗೂ ಒಟ್ಟಿಗೆ ಬರಲಿಲ್ಲ. ನೈಟ್ರೋ ಎಂಬ ಚಂದಾಕ್ಕೆ ದುಡ್ಡು ಕಟ್ಟುವವರು ಮುಂದೆ. ಉಳಿದವರಲ್ಲಿ ಖಾತೆ ಹಳೆಯದಾದಷ್ಟೂ ಸರದಿ ಬೇಗ. ನನ್ನದು 2016ರ ಖಾತೆ. ನನಗಿದ್ದ ಬಂಡವಾಳ ಅದೇ.

ಸರದಿ ಬರುವ ಮೊದಲೇ ಪಟ್ಟಿ ಮಾಡಿಟ್ಟೆ. ಇಂಗ್ಲಿಷ್ ಪದಗಳನ್ನು ಮುಟ್ಟಲಿಲ್ಲ, ಅವಕ್ಕೆ ಇಡೀ ಪ್ರಪಂಚ ಕಾದು ಕೂತಿರುತ್ತದೆ. ಕೋರಿ (ತುಳುವಿನಲ್ಲಿ ಕೋಳಿ) ಇಂಗ್ಲಿಷಿನ ನಾಲ್ಕೇ ಅಕ್ಷರದಲ್ಲಿ ಮುಗಿಯುತ್ತದೆ, ಆದರೆ ಅಮೆರಿಕದಲ್ಲಿ ಆ ಹೆಸರಿನ ಮನುಷ್ಯರೇ ಇದ್ದಾರೆ. ಹಾಗಾಗಿ ಬಂಗುಡೆ, ಬೂತಾಯಿ, ಅಂಜಲ್ ಎಂದು ಮೀನಿನ ಹೆಸರು ಹುಡುಕುತ್ತ ಬಂದರಿನ ಕಡೆ ಹೋದೆ. ಚಿಕ್ಕ ಇಂಗ್ಲಿಷ್ ಅಕ್ಷರ, ಅಂಕೆ, ಚುಕ್ಕೆ, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ನಡೆಯುವುದಿಲ್ಲವಲ್ಲ, ಬೂತಾಯಿಗೆ ಎರಡು ‘ಓ’ ಹಾಕುವುದೋ ಒಂದು ‘ಯು’ ಸಾಕೋ ಎಂಬುದನ್ನೂ ಮೊದಲೇ ತೀರ್ಮಾನಿಸಿ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟಿದ್ದೆ. ಅಲ್ಲಿ ಕೂತು ಯೋಚಿಸುವಷ್ಟು ಹೊತ್ತಿಗೆ ಹೆಸರು ಇನ್ನೊಬ್ಬರ ಪಾಲಾಗುತ್ತದೆ.

ನೋಟಿಫಿಕೇಶನ್ ಬಂದಾಗ ನನ್ನ ಮೊದಲ ಆಯ್ಕೆ ಹೋಗಿತ್ತು. ಹಿಡಿದವರು ಉಡುಪಿಯವರೇ ಇರಬೇಕು, ಬೇರೆ ಯಾರಿಗೆ ಬೇಕು ಮಾರಾಯ್ರೆ ಆ ಮೀನು! ಪಟ್ಟಿಯಲ್ಲಿ ಕೆಳಗಿದ್ದ ಒಂದು ಸಿಕ್ಕಿತು.

ಟೆಲಿಗ್ರಾಂ ಲೆಕ್ಕ ಬೇರೆ. ಅಲ್ಲಿ ಉಚಿತವಾಗಿ ಸಿಗಬೇಕಾದರೆ ಕನಿಷ್ಠ ಐದು ಅಕ್ಷರ ಇರಬೇಕು. ನಾಲ್ಕಕ್ಷರದ್ದು ಬೇಕಿದ್ದರೆ 2022ರಲ್ಲಿ ಶುರುವಾದ, ಹೆಸರುಗಳನ್ನು ಹರಾಜು ಹಾಕುವ ಫ್ರಾಗ್ಮೆಂಟ್ ಎಂಬ ವೆಬ್‌ಸೈಟಿನಲ್ಲಿ ಟಾನ್‌ಕಾಯಿನ್ ಎಂಬ ಕ್ರಿಪ್ಟೋ ಹಣ ಕೊಟ್ಟು ಹರಾಜಿನಲ್ಲಿ ಕೂಗಬೇಕು. “ಅಣ್ಣಾ, ಒಂದು ತೆಗೆದಿಡುವಾ, ರೇಟು ಏರ್ತದೆ” ಎಂದು ಚಿಕ್ಕಮ್ಮನ ಮಗ ಹಿಂದೆ ಬಿದ್ದಿದ್ದ. ನಾನು ಒಪ್ಪಲಿಲ್ಲ. ಹೆಸರನ್ನು ಮನೆ ಸೈಟಿನ ಹಾಗೆ ಹಿಡಿದಿಟ್ಟು ಮಾರುವವರ ಕಾಟದಿಂದಲೇ ಅಲ್ಲವೇ ಈ ಗಡಿಬಿಡಿ.

ಹೆಸರು ಸಿಕ್ಕ ಮೇಲೆ ಗುರುತಿಲ್ಲದವರ ಮೆಸೇಜು ಹೆಚ್ಚಾಯಿತು: ಕೆಲವರು ಕೊಳ್ಳುತ್ತೇವೆ ಅಂತ, ಕೆಲವರು ‘ವೆರಿಫೈ’ ಮಾಡಲು ಲಿಂಕ್ ಒತ್ತಿ ಅಂತ. ಡಿಸ್ಕಾರ್ಡ್‌ನ ನಿಯಮದಲ್ಲಿ ಖಾತೆ ಮಾರುವಂತಿಲ್ಲ. ದುಡ್ಡಿಗೆ ಮಧ್ಯಸ್ಥ ನಾನಾಗುತ್ತೇನೆ ಎಂದು ಬರುವವನನ್ನು ಕಳ್ಳ ಎಂದೇ ತಿಳಿಯುವುದು ಒಳ್ಳೆಯದು. ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಬೇಕಾಗುವ ಎರಡನೇ ಹಂತದ ಕೋಡಿಗೆ ಅಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಕೋಡ್ ತೋರಿಸುವ ಆ್ಯಪ್) ಹಾಕಿದೆ, ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟೆ, ಖಾತೆಗೆ ಬೇರೆ ಯಾರಿಗೂ ಕೊಡದ ಇಮೇಲ್ ಹಾಕಿದೆ.

ಇಷ್ಟೆಲ್ಲ ಮಾಡಿ ಗ್ರೂಪಿನ ಚಾಟ್‌ನಲ್ಲಿ ಕಾಣುವುದು ಮಾತ್ರ ನನ್ನ ಡಿಸ್‌ಪ್ಲೇ ನೇಮ್, ಅಂದರೆ ಯೂಸರ್‌ನೇಮ್ ಅಲ್ಲದ, ತೋರಿಕೆಗಿರುವ ಇನ್ನೊಂದು ಹೆಸರು. ಅದನ್ನು ಕನ್ನಡ ಲಿಪಿಯಲ್ಲೇ ಇಟ್ಟಿದ್ದೇನೆ. ಎಷ್ಟು ಮಂದಿ ಬೇಕಾದರೂ ಅದನ್ನೇ ಇಡಬಹುದು.