ಮೆಟ್ಟಿಲ ಬಾಗಿಲಲ್ಲಿ ಸಿಕ್ಕಿಕೊಂಡ ಪ್ರಯಾಣಿಕರು: ನನ್ನ ಅನುಭವ

ದೊಡ್ಡ ಹಡಗಿನಿಂದ ಜನರನ್ನು ಪಾರು ಮಾಡುವುದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ಸಿಮ್ಯುಲೇಶನ್ ಅನ್ನು ಮೈಸೂರಿನ ನಮ್ಮ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಒಂದು ವಾರ ಒಂದೇ ತೊಂದರೆ. ಅಲಾರಂ ಕೂಗಿದ ತಕ್ಷಣ ಎಲ್ಲರೂ ಮೆಟ್ಟಿಲ ಬಾಗಿಲಿಗೆ ನುಗ್ಗಿ ಅಲ್ಲೇ ಅಂಟಿಕೊಂಡು ನಿಂತುಬಿಡುತ್ತಿದ್ದರು.

ಮೊದಲು ಬಾಗಿಲನ್ನೇ ಅಗಲ ಮಾಡಿದೆ. ಅದು ತಪ್ಪು. ನಿಜವಾದ ಹಡಗಿನ ಬಾಗಿಲು ಹಾಗೆ ಅಗಲವಾಗುವುದಿಲ್ಲ ಅಲ್ವಾ?

ಅಸಲಿ ದೋಷ ಬೇರೆ ಕಡೆ ಇತ್ತು. ನಾನು ಎಲ್ಲರನ್ನೂ ಸೊನ್ನೆ ಸೆಕೆಂಡಿಗೆ ಹೊರಡಿಸಿದ್ದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮಾರ್ಗಸೂಚಿ ಹಾಗೆ ಹೇಳುವುದಿಲ್ಲ. ಹಗಲಲ್ಲಿ ಜನ ಹೊರಡುವುದಕ್ಕೆ 0ರಿಂದ 300 ಸೆಕೆಂಡು ಬೇಕು. ರಾತ್ರಿ, ನಿದ್ದೆಯಿಂದ ಎದ್ದು ಬರಬೇಕಲ್ಲ, 400ರಿಂದ 700 ಸೆಕೆಂಡು. ಒಬ್ಬೊಬ್ಬರಿಗೂ ಬೇರೆ ಬೇರೆ ಸಮಯ ಕೊಟ್ಟೆ. ಸಾಲು ಕರಗಲಿಲ್ಲ, ಆದರೆ ಮುಂದಕ್ಕೆ ಸರಿಯತೊಡಗಿತು.

ವೇಗವೂ ಎಲ್ಲರಿಗೂ ಒಂದೇ ಇತ್ತು. ಭಾನುವಾರ ಅಮ್ಮನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದೆ. ಅಮ್ಮ ಪಕ್ಕಕ್ಕೆ ತಿರುಗಿ, ಪ್ರತಿ ಮೆಟ್ಟಿಲಿಗೂ ಎರಡು ಕಾಲನ್ನೂ ಊರಿ ಇಳಿಯುತ್ತಿದ್ದಳು. ಹಿಂದಿನವರೆಲ್ಲ ನಿಧಾನವಾದರು. ಮನೆಗೆ ಬಂದವನೇ ವಯಸ್ಸಿಗೆ ತಕ್ಕ ವೇಗ ಹಾಕಿದೆ, ಮೆಟ್ಟಿಲಿಗೆ ಇನ್ನೂ ಕಡಿಮೆ. ಒಟ್ಟು ಸಮಯ ಜಾಸ್ತಿಯಾಯಿತು. ಈಗ ಆ ಅಂಕಿಯನ್ನು ನಂಬುತ್ತೇನೆ.